ಏಳು ಕಲ್ಲಿನ ಬಾಟ್ಲಿ

ಲೈಟು ಆರಿಸಬ್ಯಾಡ್ರಿ, ಇರಲಿ. ಇದು ಯಾರೋ ಕಟ್ಟಿ ಹೇಳಿದ ಕತೆ ಅಲ್ಲ. ನಮ್ಮ ದೊಡ್ಡಪ್ಪನ ಮಗ ವಾಮದೇವಪ್ಪಣ್ಣನಿಗೆ ಆಗಿದ್ದು. ತೊಂಬತ್ತೆಂಟನೇ ಇಸವಿ.

ಅಣ್ಣ ದಾವಣಗೆರೆ ಪಿ.ಜೆ. ಬಡಾವಣೆಯ ಒಂದು ನರ್ಸಿಂಗ್ ಹೋಮಿನಲ್ಲಿ ಕಂಪೌಂಡರು. ಮನೆ ಆನೆಕೊಂಡದಲ್ಲಿ. ಆ ರಾತ್ರಿ ಕೆಲಸ ಮುಗಿದಾಗ ಹನ್ನೊಂದೂವರೆ. ಸೈಕಲ್ ಪಂಕ್ಚರ್ ಆಗಿತ್ತು, ನಡೆದೇ ಹೊರಟ. ದಾರಿಯಲ್ಲಿ ಒಂದು ಹಾಳು ಬಾವಿ. ಅದನ್ನು ದಾಟುವಾಗ ಬೆನ್ನ ಹಿಂದೆ...

ಟಿಕ್.

ಗಾಜಿನ ಬಾಟ್ಲಿಯೊಳಗೆ ಒಂದು ಕಲ್ಲು ಉರುಳಿದ ಸದ್ದು. ಅಣ್ಣ ನಿಂತ. ಸದ್ದೂ ನಿಂತಿತು. ನಾಲ್ಕು ಹೆಜ್ಜೆ ಇಟ್ಟ. ಟಿಕ್... ಟಿಕ್...

ಬೇರೆ ಯಾರಾದರೂ ಆಗಿದ್ದರೆ ಯಾವುದೋ ಹುಳ ಅಂದುಕೊಂಡು ಹೋಗುತ್ತಿದ್ದರು. ಅಣ್ಣನಿಗೆ ಆ ಸದ್ದಿನ ಗುರುತು ಹತ್ತಿತು. ಹೆಂಗೆ ಅಂತ ಹೇಳ್ತೀನಿ ಕೇಳ್ರಿ.

ಆಗ ನಮ್ಮ ದಾವಣಗೆರೆಗೆ ದುರ್ಬೀನು ಆಪರೇಷನ್ ಹೊಸದು. ಹೊಟ್ಟೆ ಉದ್ದಕ್ಕೆ ಕೊಯ್ಯುವಂಗಿಲ್ಲ. ನಾಲ್ಕು ಸಣ್ಣ ತೂತು. ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದನೆಯ ಕತ್ತರಿ, ಚಿಮುಟ. ಡಾಕ್ಟ್ರು ಟಿವಿ ನೋಡಿಕೊಂಡು ಒಳಗೆ ಕೆಲಸ ಮಾಡುವುದು. ಮೂರನೇ ದಿನಕ್ಕೆ ಮನೆಗೆ. ಅಣ್ಣನ ಡಾಕ್ಟ್ರು ಬೊಂಬಾಯಿಯಲ್ಲಿ ಎರಡು ವಾರ ಕಲಿತು ಬಂದು ಮಿಷನ್ನು ಇಟ್ಟಿದ್ದರು. ಪಿತ್ತಕೋಶದ ಕಲ್ಲು ತೆಗೆದ ಮೇಲೆ ಬಾಟ್ಲಿಗೆ ಹಾಕಿ ಹೊರಗೆ ಕಾಯುವವರಿಗೆ ತೋರಿಸಬೇಕು. ಕಲ್ಲು ಕಣ್ಣಾರೆ ಕಂಡರೇ ಜನಕ್ಕೆ ಸಮಾಧಾನ. ತೋರಿಸುವ ಕೆಲಸ ಅಣ್ಣನದು.

ಹರಿಹರದ ಹಮಾಲಿ ಅಜ್ಜಪ್ಪ, ಹೆಂಡತಿ ಅಂಜಿನವ್ವನನ್ನು ಕರೆತಂದ. ಸ್ಕ್ಯಾನಿನಲ್ಲಿ ಒಂದೇ ಕಲ್ಲು, ಹುಣಸೆಬೀಜದಷ್ಟು. ಅಜ್ಜಪ್ಪನಿಗೆ ಓದು ಬರದು, ಎಷ್ಟು ಕಲ್ಲು ಅಂತ ಅವನಿಗೆ ಯಾರೂ ಹೇಳಲೂ ಇಲ್ಲ. ಆಕೆಯ ಹೊಟ್ಟೆಯೊಳಗೆ ಕತ್ತರಿ ಇದ್ದಾಗಲೇ ಕರೆಂಟು ಹೋಯಿತು. ಟಿವಿ ಕತ್ತಲು. ಜನರೇಟರು ಹತ್ತುವ ಹೊತ್ತಿಗೆ ಕತ್ತರಿ ತಾಗಿ ಕರುಳು ತೂತಾಗಿತ್ತು. ಡಾಕ್ಟ್ರು ಗಾಬರಿಯಾಗಿ, ಕಲ್ಲು ತೆಗೆಯದೆ, ಹೊಲಿಗೆ ಹಾಕಿಬಿಟ್ಟರು.

"ವಾಮದೇವಪ್ಪ, ಆ ಹಳೇ ಬಾಟ್ಲಿ ತೋರಿಸು."

ಅದರಲ್ಲಿ ಬೇರೆ ಯಾರದೋ ಏಳು ಕಲ್ಲು ಇದ್ದವು. ಅಣ್ಣ ಅಜ್ಜಪ್ಪನ ಮುಂದೆ ಗಲಗಲ ಅಲ್ಲಾಡಿಸಿದ. "ನೋಡಪ್ಪ, ಏಳು ಅದಾವೆ!" ಅಜ್ಜಪ್ಪ ಬಾಟ್ಲಿಗೇ ಕೈಮುಗಿದನಂತೆ.

ಮನೆಗೆ ಹೋದ ಐದನೇ ದಿನ ಅಂಜಿನವ್ವ ಹೊಟ್ಟೆ ಉಬ್ಬಿ ಸತ್ತಳು. ಅಜ್ಜಪ್ಪ ಓಡಿಬಂದ. ಅಣ್ಣ ಬಾಗಿಲಲ್ಲೇ ತಡೆದು, "ಏನು ತಿನ್ನಿಸಿದ್ದೆ?" ಅಂದ.

"ಬಾಯಿ ಕೆಟ್ಟೈತೆ ಅಂದ್ಲು ಸಾರ್... ಒಂದು ಹಿಡಿ ಮಂಡಕ್ಕಿ ಕೊಟ್ಟಿದ್ದೆ."

"ಅದಕ್ಕೇ ಸತ್ಲು. ನೀನೇ ಕೊಂದೆ ಹೋಗು."

ಇದನ್ನು ಹೇಳುವಾಗ ನನಗೆ ಈಗಲೂ ಮೈ ಉರಿಯುತ್ತೆ. ಬಾಟ್ಲಿ ತೋರಿಸು ಅಂದವರು ಡಾಕ್ಟ್ರು, ಒಪ್ಪಿದೆ. ಈ ಮಾತನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಅಣ್ಣನೇ ಆಡಿದ್ದು. ಅಜ್ಜಪ್ಪ ಕೂಲಿ ಬಿಟ್ಟ. ಹೊತ್ತು ಮೂಡಿದರೆ ಹೋಗಿ ಆಕೆಯನ್ನು ಮಣ್ಣು ಮಾಡಿದ ಜಾಗದಲ್ಲಿ ಕೂರುತ್ತಿದ್ದ.

ಈಗ ಬಾವಿ ಹತ್ತಿರ ಬರ್ರಿ. ಅಣ್ಣ ಬಿರಬಿರನೆ ಹೆಜ್ಜೆ ಹಾಕಿದ. ಟಿಕ್ ಟಿಕ್ ಟಿಕ್... ಸದ್ದು ಕಿವಿಯ ಪಕ್ಕಕ್ಕೇ ಬಂತು. ಜೊತೆಗೆ ಆಪರೇಷನ್ ಕೋಣೆಯ ಸ್ಪಿರಿಟ್ ವಾಸನೆ.

"ಅಣ್ಣಾರೆ... ನನ್ನ ಗಂಡಗೆ ಎಷ್ಟು ಕಲ್ಲು ತೋರಿಸಿದ್ರಿ?"

"ಏ... ಏಳು."

"ನಂದು ಒಂದೇ ಇತ್ತು. ಇನ್ನೂ ಐತೆ." ಟಿಕ್. "ನಾನು ಮಂಡಕ್ಕಿ ತಿಂದು ಸತ್ತಿಲ್ಲ ಅಂತ ಆತಗೆ ಹೇಳ್ರಿ."

"ಹೇಳ್ತೀನಿ ತಾಯಿ... ಹೇಳ್ತೀನಿ..."

"ಅಮಾಸಿ ತನಕ ನೋಡ್ತೀನಿ. ಇಲ್ಲಾಂದ್ರೆ ಇದನ್ನ ನೀವೇ ಇಟ್ಕೊಳ್ರಿ."

ಮರುದಿನ ಅಣ್ಣ ನನ್ನ ಮುಂದೆ ಎಲ್ಲಾ ಹೇಳಿ ಗಳಗಳ ಅತ್ತ. "ಹರಿಹರ ಏನು ದೂರ ಐತೆ, ಈಗಲೇ ನಡಿ" ಅಂದೆ. "ಕೆಲಸ ಹೋಗ್ತದೋ... ತಡಿ, ಹೋಗಣ" ಅಂದ. ತಡಿ ತಡಿ ಅನ್ನುತ್ತಲೇ ಅಮಾಸೆ ಬಂತು, ಹೋಯಿತು.

ಮಾರನೇ ಬೆಳಿಗ್ಗೆ ಬಲಪಕ್ಕೆ ಹಿಡಿದುಕೊಂಡು ಬಿದ್ದ. ಹಿಂದಿನ ತಿಂಗಳಷ್ಟೇ ಹೊಸ ಸ್ಕ್ಯಾನ್ ಮಿಷನ್ನು ಸರಿಯಿದೆಯಾ ಅಂತ ನೋಡಲು ಇವನನ್ನೇ ಮಲಗಿಸಿದ್ದರು, ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಈಗ ಒಂದು ಕಲ್ಲು. ಹುಣಸೆಬೀಜದಷ್ಟು.

"ದುರ್ಬೀನು ಬ್ಯಾಡ! ದುರ್ಬೀನು ಬ್ಯಾಡ!" ಅಂತ ಒಂದೇ ಸಮನೆ ಕಿರುಚಿದ. ಬೇರೆ ಆಸ್ಪತ್ರೆಗೆ ಒಯ್ದೆವು. ಹಳೇ ಪದ್ಧತಿಯಲ್ಲೇ ಗೇಣುದ್ದ ಕೊಯ್ದು ಕಲ್ಲು ತೆಗೆದು ಬಾಟ್ಲಿಯಲ್ಲಿ ನನ್ನ ಕೈಗೆ ಕೊಟ್ಟರು. ಜ್ವರ ಇಳಿಯಲಿಲ್ಲ. ಹೊಟ್ಟೆ ಉಬ್ಬುತ್ತಾ ಬಂತು. ಬಾಟ್ಲಿ ಕಿಟಕಿಯಲ್ಲಿ ಸುಮ್ಮನೇ ಇದ್ದರೂ, "ಅಲ್ಲಾಡಿಸಬ್ಯಾಡ್ರೋ..." ಅಂತ ರಾತ್ರಿಯಿಡೀ ನರಳುತ್ತಿದ್ದ.

ನಾಲ್ಕನೇ ದಿನ ನಾನೇ ಹರಿಹರಕ್ಕೆ ಹೋಗಿ ಅಜ್ಜಪ್ಪನನ್ನು ಕರೆತಂದೆ. ಅಣ್ಣ ಕಣ್ಣು ಬಿಟ್ಟ.

"ಮಂಡಕ್ಕಿ ಅಲ್ಲಪ್ಪ... ನಾವು. ಆ ಕಲ್ಲು ಆಕೇವಲ್ಲ."

ಅಜ್ಜಪ್ಪ ಮಂಚದ ಹತ್ತಿರ ಬಂದು ಬಗ್ಗಿದ. ಆಮೇಲೆ ಮೆಲ್ಲಗೆ ಕೇಳಿದ: "ಹಂಗಾರೆ... ನಾನು ಕೊಂದಿಲ್ಲ?"

"ಇಲ್ಲ."

ಆತ ಟವೆಲ್ ಬಾಯಿಗೆ ಒತ್ತಿಕೊಂಡು ಅತ್ತಿದ್ದನ್ನು ನಾನು ನೋಡಲಾರದೆ ಗೋಡೆ ಕಡೆ ತಿರುಗಿದೆ. ಕ್ಷಮಿಸಿದೆ ಅಂತ ಆತ ಅನ್ನಲಿಲ್ಲ, ಯಾಕೆ ಅನ್ನಬೇಕು? ಕಿಟಕಿಯಲ್ಲಿದ್ದ ಬಾಟ್ಲಿ ತೆಗೆದುಕೊಂಡ. ಟಿಕ್ ಅಂತು. ಬಾಗಿಲಲ್ಲಿ ನಿಂತು, "ಅಮಾಸಿ ತನಕ ಅಂತ ಹೇಳಿದ್ಲಲ್ರಿ..." ಅಂದು ಹೊರಟುಹೋದ.

ಅಮಾಸೆಯ ಮಾತು ನಾನಾಗಲಿ ಅಣ್ಣನಾಗಲಿ ಆತನಿಗೆ ಹೇಳಿರಲಿಲ್ಲ.

ಅದೇ ರಾತ್ರಿ ಅಣ್ಣ ಹೋದ. ಡಾಕ್ಟ್ರು ನರ್ಸಿಂಗ್ ಹೋಮ್ ಮುಚ್ಚಿ ಊರು ಬಿಟ್ಟರು. ಅವರ ಬೆನ್ನಿಗೂ ಆ ಸದ್ದು ಹೋಯಿತೋ ಇಲ್ಲವೋ ಗೊತ್ತಿಲ್ಲ. ಹೋಗಿರಲಿ ಅಂತಲೇ ನನ್ನ ಆಸೆ.

ಅಣ್ಣನ ಮೈ ತೊಳೆದು ವಿಭೂತಿ ಹಚ್ಚಿದವನು ನಾನು. ಪಕ್ಕೆಯ ಕೆಳಗೆ ಗೇಣುದ್ದ ಹೊಲಿಗೆ ಇತ್ತು, ಅದು ಇರಬೇಕಾದದ್ದೇ. ದುರ್ಬೀನು ಅವನಿಗೆ ಯಾರೂ ಹಾಕಿರಲಿಲ್ಲ, ಕೇಸ್ ಪೇಪರಿನಲ್ಲೂ ಇಲ್ಲ. ಆದರೂ ಹೊಕ್ಕಳ ಹತ್ತಿರ ಒಂದು, ಎದೆಯ ಕೆಳಗೆ ಒಂದು, ಬಲಕ್ಕೆ ಎರಡು... ನಾಲ್ಕು ಸಣ್ಣ ತೂತು ಇದ್ದವು. ಒಂದೊಂದಕ್ಕೂ ಒಂದೊಂದು ಹೊಲಿಗೆ ಹಾಕಿತ್ತು. ಈ ಬೆರಳಿನಿಂದಲೇ ಮುಟ್ಟಿ ಎಣಿಸಿದ್ದೀನಿ.