ಗಡ್ಡ ತೆಗೆಸಲು ಒಂದು ಸೋಲು

ಕೆನಡಾದ ಥಂಡರ್ ಬೇ ಊರಿನ ಆಸ್ಪತ್ರೆಯಲ್ಲಿ ಬೆಳಿಗ್ಗೆ ಲಿಫ್ಟಿಗೆ ಕಾಯುತ್ತಿದ್ದೆ. ಮುಂದೆ ನಿಂತಿದ್ದ ಅಪರಿಚಿತ ಅತ್ತಿಗೆ-ಮೈದುನರಿಬ್ಬರು ಹಿಂದಿನ ರಾತ್ರಿಯ ಐಸ್ ಹಾಕಿ ಪಂದ್ಯದ ಮಾತಾಡುತ್ತಿದ್ದರು.

“ಎಲ್ಲರ ಮನೆಗೂ ಬರೋ ಹಳೇ ಚಾನೆಲ್ಲೇ ಪಂದ್ಯ ತೋರಿಸ್ಬೇಕಿತ್ತು, ಅತ್ತಿಗೆ. ಆ ಹೊಸ ಚಾನೆಲ್ಲು ವಾರ್ಡಿನ ಟಿವಿಗೆ ಬರೋದೇ ಇಲ್ಲ. ಪಾಪ, ಅಣ್ಣ ಅಡುಗೆ ಕಾರ್ಯಕ್ರಮ ನೋಡ್ತಾ ಮಲಗಿದ್ದ.”

“ಬರದೇ ಇದ್ದಿದ್ದೇ ಒಳ್ಳೇದಾಯ್ತು, ವರ್ನ್.”

“ಏನ್ ಹಾಗಂದ್ರೆ? ನಮ್ಮೋರು ಗೆದ್ದಿದ್ದಾರೆ!”

“ಅದು ನಿಮ್ಮಣ್ಣಂಗೆ ಗೊತ್ತಿಲ್ವಲ್ಲ. ನಮ್ಮ ಟೀಮು ಕಪ್ಪಿನ ಪಂದ್ಯಗಳಿಂದ ಹೊರಬೀಳೋವರೆಗೂ ಗಡ್ಡ ಮುಟ್ಟಿಸಲ್ಲ ಅಂತ ಹಟ, ಹಾಕಿ ಅಭಿಮಾನಿಗಳ ಹರಕೆಯಂತೆ. ಗಡ್ಡದ ಮೇಲೆ ಉಸಿರಾಟದ ಮಾಸ್ಕ್ ಸರಿಯಾಗಿ ಕೂರ್ತಿಲ್ಲ. ಇವತ್ತೂ ಕೂರದಿದ್ರೆ ಕಷ್ಟ ಅಂದ್ರು ಡಾಕ್ಟ್ರು.”

“ಅದಕ್ಕೆ?”

“ಸೋತ್ರು, ಈ ವರ್ಷದ ಆಟ ಮುಗೀತು ಅಂತ ಹೇಳ್ಬಿಡು.”

“ಹಾಕಿ ವಿಷಯದಲ್ಲಿ ಅಣ್ಣಂಗೆ ಸುಳ್ಳಾ? ನೀವೇ ಹೇಳಿ.”

“ನನ್ನ ಮಾತು ನಂಬಲ್ಲ. ನಲವತ್ತು ವರ್ಷ ಪ್ರತಿ ಪಂದ್ಯದಲ್ಲೂ ಅವರ ಪಕ್ಕದಲ್ಲೇ ತೂಕಡಿಸಿದೋಳು ನಾನು. ನಿನ್ನ ದಮ್ಮಯ್ಯ ಕಣೋ.”

ಲಿಫ್ಟು ಬಂತು. ಆಕೆಯ ಕೈಚೀಲದಿಂದ ಶೇವಿಂಗ್ ಬ್ರಷ್ಷು ಇಣುಕುತ್ತಿತ್ತು.

ಒಳಗೆ ಕಾಲಿಡುತ್ತ ಆತ ಮೆಲ್ಲಗೆ ಕೇಳಿದ, “ಎಷ್ಟು ಗೋಲಿಂದ ಸೋತ್ರು ಅನ್ಲಿ?”

“ಒಂದೇ ಗೋಲು, ವರ್ನ್. ಅದಕ್ಕಿಂತ ಹೆಚ್ಚಾದ್ರೆ ಅವರು ತಡ್ಕೊಳ್ಳಲ್ಲ.”

ಬಾಗಿಲು ಮುಚ್ಚಿಕೊಂಡಿತು.