ಕುಡಿಯದವನ ಕೊರಳಿಗೆ ಮಾಳ

ಇಚಲಕರಂಜಿ ಬಸ್ ಸ್ಟ್ಯಾಂಡಿನಲ್ಲಿ ಪಕ್ಕಕ್ಕೆ ಕೂತ ಮಗ್ಗದ ಕೆಲಸಗಾರ ಲಗಮಣ್ಣನ ಕೊರಳಲ್ಲಿ ಹೊಸ ತುಳಸಿಮಣಿಯ ಮಾಳ ಕಂಡು, ಬಸ್ಸಿಗೆ ಕಾದಿದ್ದ ಮಾಣಿಕಬಾಯಿ ಯಾರೋ ಪಂಢರಪುರಕ್ಕೆ ನಡೆಯುವ, ಕುಡಿತ ಮುಟ್ಟದ ವಾರಕರಿ ಅಂದುಕೊಂಡಳು. ಅವನ ಕೈ ಮಾತ್ರ ಗಡಗಡ ನಡುಗುತ್ತಿತ್ತು. ಅವನ ಹೆಂಡತಿ ಜನಾಬಾಯಿ ದನಿ ತಗ್ಗಿಸಿದಷ್ಟೂ ಮಾಣಿಕಬಾಯಿಯ ಕಿವಿ ಚುರುಕಾಯಿತು.

“ಜನ್ಮದಾಗ ಒಂದ್ ಹನಿ ಕುಡದಿಲ್ಲ ನೀವು. ದಾರೂ ಬಿಡಸಾಕ ಮಾಳ ಹಾಕಸ್ತೇನಿ ಅಂತ ಮಗ್ಗದ ಸೇಠ ಅಂದ್ರ, ಕೊರಳ ಒಡ್ಡಿ ಬಂದ್ರೇನು?”

“ಹರದ ನೂಲಿಗೆ ಗಂಟ ಹಾಕಾಕ ಬರವಲ್ದು. ಕೈ ಯಾಕ ನಡಗತೈತಿ ಅಂದ ಸೇಠ. ಏನ್ ಹೇಳ್ಲಿ?”

“ಮನಸಿನ ಗುಳಿಗಿ ನುಂಗಾಕ ಹತ್ತಿದಾಗಿಂದ ಅಂತ ಹೇಳ್ರಿ! ಡಾಕ್ಟರಿಗರೆ ಹೇಳೀರೇನು?”

“ಗುಳಿಗಿ ಬಿಡಸಿದ್ರ ಮತ್ತ ಹಗ್ಗ ಹುಡಕಾಕ ಹೋಗ್ಲೇನು?”

“ಬಿಡಸೂದಿಲ್ರೀ, ಬದಲ್ ಮಾಡ್ತಾರ. ಸೇಠಗೂ ಖರೇ ಹೇಳ್ರಿ.”

“ಓಣಿಗೆಲ್ಲ ಗೊತ್ತಾಕ್ಕೈತಿ. ಕುಡುಕನ ಮಗಳನ್ನ ಯಾರರೆ ಮಾಡ್ಕೋತಾರ. ಹುಚ್ಚನ ಮಗಳನ್ನ ಯಾರ ಮಾಡ್ಕೋತಾರ?”

ಜನಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಅಷ್ಟರಲ್ಲಿ ಹಾತಕಣಂಗಲೆ ಬಸ್ಸು ಬಂತು. ಬಾಗಿಲ ಸರಳು ಹಿಡಿದ ಲಗಮಣ್ಣನ ಕೈ ನೋಡಿ, ವಾರಕರಿಗಳನ್ನು ಕರೆಯುವ ಹಾಗೆ ಕರೆದು ಕಂಡಕ್ಟರ್ ನಕ್ಕ.

“ಏನ್ ಮಾವುಲಿ, ಬೆಳಬೆಳಗ್ಗೇನ ಏರ್ಸೀರೇನು?”

“ಹೌದ್ರಿ,” ಅಂದ ಲಗಮಣ್ಣ, “ತುಸು ಜಾಸ್ತಿ ಆತು.”

ಜನಾಬಾಯಿ ತಲೆ ತಗ್ಗಿಸಿಕೊಂಡು ಅವನ ಹಿಂದೆ ಹತ್ತಿದಳು.