ಅತೀಯಾ ಮೇಡಂ ಹೆಸರಿಡಬೇಕಿದ್ದ ಹುಳ

ಅತೀಯಾ ಅವರ ತಾಯಿ ಹಾಜಿರಾಬೀ ಅವರೇ, ಮನೆಯವರೇ, ಲಿಂಗಸುಗೂರಿನ ನಮ್ಮ ಕಾಲೇಜಿನ ಬಂಧುಗಳೇ, ನಮಸ್ಕಾರ. ನಾನು ವಿರೇಶ. ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅತೀಯಾ ಮೇಡಂ ಪಕ್ಕದ ಮೇಜಿನವನು. ಮೊನ್ನೆ ಹೃದಯಾಘಾತದಿಂದ ಅವರು ಹೋದರು. ದುಃಖವಿದೆ. ಆದರೆ — ಸಿಟ್ಟು ಅದಕ್ಕಿಂತ ಹೆಚ್ಚಿದೆ, ಮುಚ್ಚಿಡುವುದಿಲ್ಲ.

ಈಗ ಮಾತಾಡಿದವರೆಲ್ಲ ಅವರನ್ನು ವಿಜ್ಞಾನಿ ಎಂದಿರಿ. ಬದುಕಿದ್ದಾಗ ಏನಂದಿರಿ? ಹುಳದ ಮೇಡಂ. ಹುಳದ ಮೇಡಂ ಬಂದಳು, ಹುಳದ ಮೇಡಂ ಹೋದಳು.

ಯಾವ ಹುಳ? ಹಳೆ ಪುಸ್ತಕ ತೆಗೆದರೆ ಸರಕ್ಕನೆ ಓಡುತ್ತದಲ್ಲ, ಬೆಳ್ಳಿ ಬಣ್ಣದ ಸಿಲ್ವರ್‌ಫಿಶ್ — ಅದರ ಬಳಗದ್ದು. ಇದು ಮಾತ್ರ ಕಲ್ಲಿನಡಿ, ಇರುವೆ ಗೂಡಿನಲ್ಲಿ ಬಾಳುವಂಥದು. ಮಸ್ಕಿ ಗುಡ್ಡದಲ್ಲಿ ಸಿಕ್ಕಿತು, ಗುರುಗುಂಟಾದ ಹೊಲದಲ್ಲಿ ಸಿಕ್ಕಿತು. ಸಿಂಧನೂರು ಕಡೆಯ ಕಾಲುವೆ ಗದ್ದೆಗಳಲ್ಲಿ ಎಷ್ಟು ಹುಡುಕಿದರೂ ಇಲ್ಲ. ಬಾಲದ ಎಳೆ, ಮೈಮೇಲಿನ ಹುರುಪೆ, ಬಾಯಿ — ಎಲ್ಲ ನೋಡಿ, ಗೊತ್ತಿರುವ ಯಾವ ಪ್ರಭೇದಕ್ಕೂ ಇದು ಸೇರದೆಂದು ಖಾತ್ರಿ ಮಾಡಿಕೊಂಡಿದ್ದರು. ಹೊಸ ಹೆಸರಿಡಬೇಕಾದರೆ ಆ ಹುಳವನ್ನೇ ಕೆಡದಂತೆ ಇಟ್ಟು ತೋರಿಸಬೇಕು. ಅದಕ್ಕೇ ಸ್ಪಿರಿಟ್ ಸೀಸೆಗಳಲ್ಲಿ ಇಟ್ಟಿದ್ದರು.

ಅಷ್ಟರಲ್ಲಿ ತಪಾಸಣೆ ಸಮಿತಿ ಬರುತ್ತದೆ ಎಂದಾಯಿತು. ಸಮಿತಿ ಬಂದರೆ ನಮ್ಮಲ್ಲಿ ಗೊತ್ತಲ್ಲ — ಗೋಡೆಗೆ ಸುಣ್ಣ, ಬಾಗಿಲಿಗೆ ತೋರಣ. ಪ್ರಯೋಗಾಲಯ ಸಾರಾಯಿ ವಾಸನೆ ಹೊಡೆಯುತ್ತದೆ, ಸಾಹೇಬರು ಏನಂದಾರು ಎಂದು ಸೀಸೆಗಳನ್ನು ಮೋರಿಗೆ ಸುರಿಸಿದಿರಿ. ತೊಳೆಸಿದಿರಿ. ಅವುಗಳಲ್ಲೇ ಮನಿಪ್ಲಾಂಟ್ ಇಡಿಸಿದಿರಿ! ಸಮಿತಿಯವರು ಊಟ ಮಾಡಿ ಹೋದರು. ಆ ಕೋಣೆಗೆ ಕಾಲೇ ಇಡಲಿಲ್ಲ.

ಅಟೆಂಡರ್ ಬುಡ್ಡೇಸಾಬ್ ಅಳುತ್ತ, ಹೇಳಿದಂತೆ ಮಾಡಿದೆ ಎಂದರು. ಬುಡ್ಡೇಸಾಬರನ್ನು ಮೇಡಂ ಒಂದು ಮಾತೂ ಬೈಯಲಿಲ್ಲ. ಮೋರಿಯ ಪಕ್ಕ ಕುಕ್ಕರಿಸಿ ಕೂತು ನನಗೆ ಹೇಳಿದರು — "ಹೆಸರಿಡೂ ಮುಂಚೇನ ಚೆಲ್ಲ್ಯಾರ ನೋಡ್ರಿ ಸರ್. ಇಂಥಾದೊಂದು ಇತ್ತಂತ ಇನ್ನ ಯಾರಿಗೆ ತೋರಸ್ಲಿ?"

ಮತ್ತೆ ಗುಡ್ಡ ಹತ್ತಿದರು. ಬಿಸಿಲಲ್ಲಿ ಕಲ್ಲು ಎತ್ತಿದರು, ಮತ್ತೆ ಎತ್ತಿದರು. ಒಂದೂ ಸಿಗಲಿಲ್ಲ. ಹುಡುಕುತ್ತಲೇ ಹೋದರು.

ಈಗ ಅದೇ ಪ್ರಯೋಗಾಲಯದಲ್ಲಿ ಅವರ ಫೋಟೊ ಹಾಕುತ್ತಾರಂತೆ. ಬೇಡ. ಅವರು ಕೇಳಿದ್ದು ಒಂದು ಬೀಗ ಹಾಕುವ ಕಪಾಟು. ಅದನ್ನು ಕೊಡಲಿಲ್ಲ.

ಅತೀಯಾ ಮೇಡಂ ಅವರಿಗಾಗಿ ಎಲ್ಲರೂ ಎದ್ದು ನಿಂತು, ಎರಡು ನಿಮಿಷ ಸುಮ್ಮನಿರೋಣ. ಸೀಸೆ ಸುರಿಸಿದವರು ಈ ವೇದಿಕೆಯ ಮೇಲೆಯೇ ಇದ್ದೀರಿ — ನೀವು ಏಳಬೇಡಿ. ಕೂತೇ ಇರಿ. ಹಾಜಿರಾಬೀ ಅವರು ನಿಮ್ಮನ್ನು ನೋಡಲಿ.